ಮಿತಿಯ ಮೇಲೆ ಐದು ಲಕ್ಷ

ಕಂಪ್ಯೂಟರ್ ಎತ್ತಿಕೊಂಡು ಹೋಗಲು ಇಬ್ಬರು ಬಂದಿದ್ದರು. ಒಬ್ಬ ಪರದೆಯನ್ನು ಎದೆಗವಚಿಕೊಂಡ, ಇನ್ನೊಬ್ಬ ತಂತಿಗಳನ್ನು ಮೊಣಕೈಗೆ ಸುತ್ತಿಕೊಂಡ. ಅವರಿಗೆ ದಾರಿಯಾಗಲೆಂದು ವಾಂಡಾ ಕಲಿನೊಸ್ಕಿ ಕುರ್ಚಿಯನ್ನು ಹಿಂದಕ್ಕೆ ಜರುಗಿಸಿದಳು. ಅವರು ಹೊರಟ ಮೇಲೆ ಮತ್ತೆ ಮೇಜಿನ ಹತ್ತಿರ ಎಳೆದುಕೊಂಡು, ಖಾಲಿಯಾದ ಜಾಗದಲ್ಲಿ ಹಳದಿ ಕಾಗದಗಳನ್ನು ಹರಡಿ, ಬಿಟ್ಟಲ್ಲಿಂದ ಬರೆಯತೊಡಗಿದಳು.

ಬಾಗಿಲಲ್ಲಿ ನಿಂತಿದ್ದ ಅಮೋಸ್ ಬ್ಲೆವಿನ್ಸ್ ಇದನ್ನೆಲ್ಲ ನೋಡಿದ. ಟೊಲೀಡೊ ಪೊಲೀಸಿನ ವಂಚನೆ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಸವೆಸಿ ನಿವೃತ್ತನಾದವನು ಅವನು. ಜಪ್ತಿಯ ಹೊತ್ತಿಗೆ ಅಳುವವರನ್ನು ಕಂಡಿದ್ದ, ವಕೀಲರಿಗೆ ಫೋನ್ ಮಾಡುವವರನ್ನು ಕಂಡಿದ್ದ, ಎದೆ ಹಿಡಿದುಕೊಂಡು ಕುಸಿದವರನ್ನೂ ಕಂಡಿದ್ದ. ಮೇಜು ಅಗಲವಾಯಿತೆಂದು ಸಮಾಧಾನಪಟ್ಟವರನ್ನು ಮಾತ್ರ ಇದೇ ಮೊದಲು ಕಂಡದ್ದು.

"ಕೂತ್ಕೊಳ್ಳಿ ಬ್ಲೆವಿನ್ಸ್ ಅವರೇ," ಎಂದಳು ಆಕೆ ತಲೆಯೆತ್ತದೆ. "ಹನ್ನೆರಡಕ್ಕೆ ನನ್ನನ್ನೂ ಎತ್ಕೊಂಡು ಹೋಗ್ತಾರಂತೆ. ಅಷ್ಟರಲ್ಲಿ ಮುಗಿಸ್ಬೇಕು."

ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಹತ್ತು ನಿಮಿಷ. ಮಾರ್ಚ್ ತಿಂಗಳ ಬುಧವಾರ. ಕಿಟಕಿಯಾಚೆ ಕ್ರೀಡಾಂಗಣದ ಖಾಲಿ ಮೆಟ್ಟಿಲುಗಳ ಮೇಲೆ ಕೊಳೆ ಹಿಮ ಇನ್ನೂ ಕರಗುತ್ತಿತ್ತು, ಅದರಾಚೆ ಮಾಮೀ ನದಿ ಬೂದಿಬಣ್ಣಕ್ಕೆ ತಿರುಗಿತ್ತು.

ಸಂಜೆ ನಾಲ್ಕಕ್ಕೆ ಆಟಗಾರರ ಸಂತೆ ತೆರೆಯಲಿತ್ತು. ಕರಾರು ಮುಗಿದ ಅಮೆರಿಕನ್ ಫುಟ್‌ಬಾಲ್ ಆಟಗಾರರು ಆ ಗಳಿಗೆಯಿಂದ ಯಾರಿಗೆ ಬೇಕಾದರೂ ಸಹಿ ಹಾಕಬಹುದು. ಬೇರೆ ತಂಡದವರನ್ನು ಮಾತಿಗೆ ಕರೆಯಲು ಸೋಮವಾರ ಮಧ್ಯಾಹ್ನದಿಂದಲೇ ಅವಕಾಶ. ಹಾಗೆ ಮಾತು ಶುರುವಾದ ಸೋಮವಾರ ಒಂದೇ ಮಧ್ಯಾಹ್ನದಲ್ಲಿ ಟೊಲೀಡೊ ಗ್ಲೇಜಿಯರ್ಸ್ ತಂಡ ಕಣ್ಣಿಟ್ಟಿದ್ದ ಮೂವರು ಕೈತಪ್ಪಿದ್ದರು. ಮೂವರನ್ನೂ ಸೆಳೆದದ್ದು ಒಮಾಹಾ ಡ್ರೋವರ್ಸ್. ಮೂರು ಸಲವೂ ಟೊಲೀಡೊ ಕೊಡಬಹುದಾಗಿದ್ದ ಕಟ್ಟಕಡೆಯ ಮೊತ್ತದ ಮೇಲೆ ಕರಾರುವಾಕ್ಕಾಗಿ ಐದು ಲಕ್ಷ ಡಾಲರ್ ಹೆಚ್ಚು. ಅಂದೇ ಸಂಜೆ ತಂಡದ ಒಡತಿ ಮಿಸೆಸ್ ಅಡೇರ್ ಅಮೋಸನನ್ನು ಕರೆಸಿ, ಈ ಸೋರಿಕೆ ಎಲ್ಲಿಂದ ಎಂದು ಹುಡುಕಿಕೊಡಲು ಕೇಳಿಕೊಂಡಿದ್ದರು.

ತಂಡದ ಮ್ಯಾನೇಜರ್ ಗ್ರೇಡಿ ಹೋಲ್ಮ್‌ಗೆ ಹುಡುಕುವ ಅಗತ್ಯವೇ ಕಂಡಿರಲಿಲ್ಲ. ಮಿತಿಯ ಲೆಕ್ಕ ಬರೆಯುವವಳು ವಾಂಡಾ, ಹಾಗಾಗಿ ಮಾರುವವಳೂ ವಾಂಡಾ. ಅಮೋಸ್‌ಗೆ ಈ ಸರಳ ಲೆಕ್ಕ ಹಿಡಿಸಿರಲಿಲ್ಲ. ಮಂಗಳವಾರ ಆಕೆಯ ಪಕ್ಕ ಕೂತು ನೋಡಿದ್ದ ಅವನಿಗೆ, ನಿಜ ಹೇಳಬೇಕೆಂದರೆ, ಆಕೆಯ ಕೆಲಸದ ಮೇಲೆ ಒಂದು ಬಗೆಯ ಮೋಹವೇ ಹುಟ್ಟಿತ್ತು.

ಲೀಗಿನ ಎಲ್ಲ ತಂಡಕ್ಕೂ ಸಂಬಳದ ಮಿತಿ ಒಂದೇ. ಮಾಲೀಕ ಎಷ್ಟೇ ಸಿರಿವಂತನಾಗಲಿ, ಅದರ ಮೇಲೆ ಒಂದು ಡಾಲರ್ ಹೆಚ್ಚು ಬರೆಯುವಂತಿಲ್ಲ. ಜನವರಿಯಲ್ಲಿ ಗ್ಲೇಜಿಯರ್ಸ್ ಆ ಮಿತಿಗಿಂತ ಮೂರು ಕೋಟಿ ಡಾಲರ್ ಮೇಲಿದ್ದರು. ಪತ್ರಿಕೆಗಳು ಈ ತಂಡದ ಕಥೆ ಮುಗಿಯಿತೆಂದು ಬರೆದಿದ್ದವು. ವಾಂಡಾ ಆರು ವಾರ ಕೂತು, ಇಲ್ಲೊಬ್ಬನ ಸಂಬಳ ಕರಗಿಸಿ, ಅಲ್ಲೊಬ್ಬನ ಕರಾರು ಹಿಗ್ಗಿಸಿ, ಮೊಣಕಾಲು ಸೋತ ಇಬ್ಬರು ಹಿರಿಯರನ್ನು ಮರ್ಯಾದೆಯಿಂದ ಬೀಳ್ಕೊಟ್ಟು, ತಂಡವನ್ನು ಮಿತಿಯ ಕೆಳಗೆ ತಂದು ನಿಲ್ಲಿಸಿದ್ದಳು. ಆ ಇಬ್ಬರೂ ಹೋಗುವಾಗ ಆಕೆಗೆ ಹೂಗುಚ್ಛ ಕಳಿಸಿದ್ದರಂತೆ.

ಇದನ್ನು ಹೇಗೆ ಮಾಡುತ್ತೀರಿ ಎಂದು ಅಮೋಸ್ ಮಂಗಳವಾರ ಕೇಳಿದ್ದ. ಆಕೆ ಮನೆಯಿಂದ ತಂದ ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬುಗಳಲ್ಲಿ ಎರಡನ್ನು ಅವನ ಕಡೆ ಸರಿಸಿ ವಿವರಿಸಿದ್ದಳು.

"ಸಂಬಳ ಅಂತ ಬರೆದ್ರೆ ಪೂರ್ತಿ ಈ ವರ್ಷದ ತಲೆ ಮೇಲೇ ಬೀಳುತ್ತೆ. ಅದೇ ದುಡ್ಡನ್ನ ಬೋನಸ್ ಅಂತ ಇವತ್ತೇ ಅವನ ಕೈಗೆ ಕೊಟ್ಬಿಟ್ರೆ, ಲೆಕ್ಕಾನ ಐದು ವರ್ಷಕ್ಕೆ ಹಂಚ್ಬಹುದು. ಅವನಿಗೆ ದುಡ್ಡು ಬೇಗ ಸಿಗುತ್ತೆ, ನಮಗೆ ಜಾಗ ಸಿಗುತ್ತೆ."

ಹಾಗಾದರೆ ಎಲ್ಲರಿಗೂ ಹಾಗೇ ಮಾಡಬಹುದಲ್ಲ ಎಂದಿದ್ದ ಅಮೋಸ್.

"ಮಾಡ್ತಾರೆ, ಕೆಲವರು. ಮೂರನೇ ವರ್ಷಕ್ಕೆ ಅವನ ಬೆನ್ನು ಕೈಕೊಡುತ್ತೆ. ಮನೆಗೆ ಕಳಿಸಿದ್ರೆ, ಹಂಚಿಟ್ಟಿದ್ದೆಲ್ಲ ಒಟ್ಟಿಗೆ ಬಂದು ಬಾಗಿಲು ತಟ್ಟುತ್ತೆ. ಆಡದೇ ಇರೋನ ಲೆಕ್ಕ ಹೊತ್ಕೊಂಡು ಆಡೋರನ್ನ ಕಳ್ಕೋಬೇಕು." ಒಂದು ತುತ್ತು ನುಂಗಿ ಸೇರಿಸಿದ್ದಳು: "ಯಾರ ಬೆನ್ನು ಎಷ್ಟು ದಿನ ತಡೆಯುತ್ತೆ ಅಂತ ಗೊತ್ತಿರ್ಬೇಕು. ಅದು ಕಾಗದದಲ್ಲಿ ಇರಲ್ಲ."

ಅದಕ್ಕೇ ಆಕೆ ಪ್ರತಿ ಬೆಳಿಗ್ಗೆ ಅಭ್ಯಾಸದ ಮೈದಾನದ ಬೇಲಿಯ ಬಳಿ ಅರ್ಧ ಗಂಟೆ ನಿಲ್ಲುತ್ತಾಳೆಂದು ಅಮೋಸ್‌ಗೆ ಆಮೇಲೆ ಯಾರೋ ಹೇಳಿದರು. ಯಾರು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತಾರೆ ಎಂದು ನೋಡುವುದಕ್ಕಂತೆ.

ಈಗ ಅವನು ಆಕೆಯ ಎದುರು ಕೂತು, ಗ್ರೇಡಿಯ ಜತೆ ತಾನು ಮಾತಾಡುವುದಾಗಿ ಹೇಳಿದ. ಆಕೆ ಪೆನ್ಸಿಲ್ ಕೆಳಗಿಟ್ಟಳು.

"ಒಂಬತ್ತು ಇಪ್ಪತ್ತಕ್ಕೆ ಮಲಾಕಿ ಫಾಂಟೆನೋನ ಏಜೆಂಟ್ ಫೋನ್ ಮಾಡಿದ್ದ," ಎಂದಳು. "ಒಮಾಹಾ ವರ್ಷಕ್ಕೆ ಎರಡು ಕೋಟಿ ಹದಿಮೂರು ಲಕ್ಷ ಕೊಡ್ತಾರಂತೆ."

ಫಾಂಟೆನೋ ಅಂದರೆ ತಂಡದ ಎಡಗಡೆಯ ಕಾವಲು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕೋಲ್ಬಿ ರೆನ್‌ನ ಕಣ್ಣಿಗೆ ಬೀಳದ ಕಡೆಯಿಂದ ನುಗ್ಗಿಬರುವವರನ್ನು ಆರು ವರ್ಷದಿಂದ ಒಬ್ಬನೇ ತಡೆದು ನಿಂತವನು. ಅವನ ಕರಾರು ಇವತ್ತು ನಾಲ್ಕಕ್ಕೆ ಮುಗಿಯುತ್ತದೆ. ಅವನು ಹೋದರೆ ರೆನ್‌ನ ಪಕ್ಕೆಲುಬು ಅಕ್ಟೋಬರ್ ಕಾಣುವುದಿಲ್ಲವೆಂದು ಟೊಲೀಡೊದ ಕ್ಷೌರದಂಗಡಿಗಳಲ್ಲೂ ಮಾತಿತ್ತು.

"ಈಗ ನಾನೊಂದು ವಿಷಯ ಹೇಳ್ಬೇಕು, ನೀವು ಬೇಜಾರು ಮಾಡ್ಕೋಬಾರ್ದು," ಎಂದಳು ವಾಂಡಾ. "ನಮ್ಮ ಇವತ್ತಿನ ಅಂಕಿ ಲೀಗಿಗೆಲ್ಲ ಗೊತ್ತು. ಅದು ಗುಟ್ಟಲ್ಲ. ನಾಳೆ ಎಷ್ಟು ಜಾಗ ಮಾಡ್ಕೋತೀವಿ, ಒಬ್ಬನಿಗೆ ಕೊನೆಗೆ ಎಷ್ಟರವರೆಗೆ ಹೋಗ್ತೀವಿ, ಅದು ಗುಟ್ಟು. ಮೂರು ಸಲ ಆ ಗುಟ್ಟು ಹೊರಗೆ ಹೋಯ್ತು. ನಾಲ್ಕನೇ ಸಲಕ್ಕೆ ಅಂತ ಮಂಗಳವಾರ ಬೆಳಿಗ್ಗೆ ನಾಲ್ಕು ಹಾಳೆ ಬರ್ದೆ."

ನಾಲ್ಕೂ ಹಾಳೆ ನೋಡಲು ಒಂದೇ ಥರ. ಹೆಸರುಗಳು ಅವೇ, ಸಾಲುಗಳು ಅವೇ. ಕೊನೆಯ ಸಾಲಿನಲ್ಲಿ, ಫಾಂಟೆನೋಗೆ ಕೊಡಬಹುದಾದ ಗರಿಷ್ಠ ಮೊತ್ತ ಮಾತ್ರ ಬೇರೆ ಬೇರೆ. ತರಬೇತುದಾರ ರುಫಸ್ ಟಿಲ್ಮನ್‌ಗೆ ಕೊಟ್ಟ ಹಾಳೆಯಲ್ಲಿ ಎರಡು ಕೋಟಿ ಎರಡು ಲಕ್ಷ. ಗ್ರೇಡಿಯದರಲ್ಲಿ ಎರಡು ಕೋಟಿ ನಾಲ್ಕು. ಮಿಸೆಸ್ ಅಡೇರ್‌ದರಲ್ಲಿ ಎರಡು ಕೋಟಿ ಆರು.

ಅಮೋಸ್ ಮನಸ್ಸಿನಲ್ಲೇ ಒಂದೊಂದಕ್ಕೂ ಐದು ಲಕ್ಷ ಕೂಡಿಸಿದ. ಏಳು, ಒಂಬತ್ತು, ಹನ್ನೊಂದು. ಒಮಾಹಾ ಹೇಳಿದ್ದು ಹದಿಮೂರು. ಯಾವುದೂ ಹೊಂದಲಿಲ್ಲ.

"ನಾಲ್ಕನೇ ಹಾಳೆ?" ಎಂದ.

ವಾಂಡಾ ಅವನ ಕೋಟಿನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ.

ಅಮೋಸ್ ಒಳಜೇಬಿಗೆ ಕೈಹಾಕಿ ಮಂಗಳವಾರ ಬೆಳಿಗ್ಗೆ ಆಕೆಯೇ ಕೊಟ್ಟಿದ್ದ ಹಾಳೆಯನ್ನು ತೆಗೆದ. ಓದಿರಲಿಲ್ಲವೆಂದಲ್ಲ; ಕೊನೆಯ ಸಾಲನ್ನು ಇವತ್ತಿನಷ್ಟು ನಿಧಾನವಾಗಿ ಓದಿರಲಿಲ್ಲ. ಎರಡು ಕೋಟಿ ಎಂಟು ಲಕ್ಷ.

ಹೊರಗೆ ನದಿಯ ಸೇತುವೆಯ ಮೇಲೆ ಲಾರಿಯೊಂದು ಹಾರನ್ ಹೊಡೆದು ಹೋಯಿತು.

"ನಾನು ಮಾರಿಲ್ಲ," ಎಂದ ಅಮೋಸ್. ಅರವತ್ತೊಂದರ ವಯಸ್ಸಿನಲ್ಲಿ, ಇಪ್ಪತ್ತೆಂಟು ವರ್ಷ ಇದೇ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದವನಿಗೆ, ಅದು ತನ್ನ ಬಾಯಿಂದ ಬಂದಾಗ ಎಷ್ಟು ಬಡಕಲಾಗಿ ಕೇಳುತ್ತದೆಂದು ಆಗ ಗೊತ್ತಾಯಿತು.

"ಮಾರಿದ್ರೆ ನನ್ನ ಪರ ಮಾತಾಡೋಕೆ ಬರ್ತಿರ್ಲಿಲ್ಲ. ಗ್ರೇಡಿ ಜತೆ ಸೇರ್ಕೊಂಡು ನನ್ನನ್ನ ಮನೆಗೆ ಕಳಿಸ್ತಿದ್ರಿ, ಅಲ್ಲಿಗೆ ಮುಗೀತಿತ್ತು," ಎಂದಳು ಆಕೆ. "ಆದ್ರೆ ನಿಮಗೂ ಬೇರೆ ಅಂಕಿ ಕೊಡದೇ ಇದ್ದಿದ್ರೆ ನಾನು ಈ ಕೆಲಸಕ್ಕೆ ಲಾಯಕ್ಕಲ್ಲ."

ಅವಮಾನವಾಗಬೇಕಿತ್ತು. ಆಗಲಿಲ್ಲ. ಪತ್ತೆ ಮಾಡಲು ಬಂದವನನ್ನೂ ಅನುಮಾನದ ಪಟ್ಟಿಗೆ ಸೇರಿಸಿ, ಅದನ್ನು ಮುಖದ ಮೇಲೇ ಹೇಳಿದ ಇನ್‌ಸ್ಪೆಕ್ಟರ್ ಅವನ ಇಡೀ ನೌಕರಿಯಲ್ಲಿ ಒಬ್ಬನೂ ಇರಲಿಲ್ಲ.

ಅವನು ಹಾಳೆಯನ್ನು ಮೇಜಿನ ಮೇಲೆ ಹರಡಿ ಮತ್ತೊಮ್ಮೆ ನೋಡಿದ. ಆಗ ಕಂಡದ್ದು ಮಡಿಕೆ. ಯಾವ ಕಾಗದವನ್ನಾದರೂ ಅವನು ನಾಲ್ಕಾಗಿ ಮಡಿಸುತ್ತಾನೆ, ಅಂಗೈ ಅಗಲಕ್ಕೆ. ಆ ಗೆರೆಗಳು ಇದ್ದವು. ಅವುಗಳ ಮೇಲೆ ಹಾಯ್ದು ಇನ್ನೆರಡು ಹೊಸ ಗೆರೆಗಳಿದ್ದವು. ಯಾರೋ ಬಿಡಿಸಿ ನೋಡಿ, ವಾಪಸ್ ಇಡುವಾಗ ಮೂರಾಗಿ ಮಡಿಸಿದ್ದರು, ಲಕೋಟೆಗೆ ಹಾಕುವ ಅಭ್ಯಾಸವಿದ್ದವರು ಮಡಿಸುವ ಹಾಗೆ.

ಮಂಗಳವಾರ ಪೂರ್ತಿ ಕೋಟು ಮೈಮೇಲೇ ಇತ್ತು, ಎರಡು ಕಡೆ ಬಿಟ್ಟು. ರಾತ್ರಿ ಮನೆಯಲ್ಲಿ. ಅವನ ಹೆಂಡತಿ ಲೊರೀನಾ ಜೇಬಿಗೆ ಕೈಹಾಕಿದರೂ ಚಿಲ್ಲರೆ ಬಿಟ್ಟು ಬೇರೇನನ್ನೂ ಮುಟ್ಟುವವಳಲ್ಲ. ಇನ್ನೊಂದು, ಮಧ್ಯಾಹ್ನ ಮಿಸೆಸ್ ಅಡೇರ್ ಮನೆಯ ಊಟ. ಬಾಗಿಲ ಪಕ್ಕದ ಪಡಸಾಲೆಯಲ್ಲಿ ಕೋಟು ನೇತುಹಾಕಿ ಒಳಗೆ ಹೋಗಿದ್ದ. ಊಟಕ್ಕೆ ನಾಲ್ವರಿದ್ದರು. ಗ್ರೇಡಿ ಎರಡು ಸಲ ಫೋನ್ ಹಿಡಿದು ಎದ್ದುಹೋಗಿದ್ದ. ಟಿಲ್ಮನ್ ಇಪ್ಪತ್ತು ನಿಮಿಷ ತಡವಾಗಿ, ಎಲ್ಲರೂ ಕೂತಾದ ಮೇಲೆ ಬಂದಿದ್ದ. ಮಿಸೆಸ್ ಅಡೇರ್ ಸೇಬಿನ ಕಡುಬು ಬೆಂದಿದೆಯೇ ನೋಡಲು ಅಡುಗೆಮನೆಗೆ ಹೋಗಿದ್ದರು.

ಇದನ್ನೆಲ್ಲ ಅವನು ಹೇಳಿದ ಮೇಲೆ ವಾಂಡಾ ಆ ಹೊಸ ಗೆರೆಗಳ ಮೇಲೆ ಬೆರಳಾಡಿಸಿದಳು.

"ಅಂದ್ರೆ ತಮ್ಮ ಹಾಳೆ ಇದ್ರೂ ನಿಮ್ಮದನ್ನ ತೆಗೆದು ನೋಡಿದ್ದಾರೆ," ಎಂದಳು. "ಬೇರೆ ಬೇರೆ ಅಂಕಿ ಇದೆ ಅನ್ನೋದು ಅವರಿಗೆ ಗೊತ್ತಾಗಿದೆ. ಗೊತ್ತಾಗಿ, ತಪ್ಪು ನಿಮ್ಮ ಮೇಲೆ ಬೀಳ್ಲಿ ಅಂತ ನಿಮ್ಮ ಅಂಕೀನೇ ಕೊಟ್ಟಿದ್ದಾರೆ."

ಬಲೆ ಹಾಕಿದವಳೇನೋ ಜಾಣೆ. ಆದರೆ ಬಲೆಯನ್ನು ಗುರುತಿಸಿದವರೂ ಕಡಿಮೆಯವರಲ್ಲ. ಅಮೋಸ್ ಹಾಳೆಯನ್ನು ಜೇಬಿಗೆ ಹಾಕಿಕೊಂಡು ಎದ್ದ. ಆಗ ಒಂದು ಯೋಚನೆ ಹೊಳೆದು ಮತ್ತೆ ಕೂತ.

ನಾಲ್ಕೂ ಸುಳ್ಳಾದರೆ ನಿಜವಾದ ಅಂಕಿ ಯಾವುದೆಂದು ಕೇಳಿದ.

ಆಕೆ ಎದ್ದು ಬಾಗಿಲು ಹಾಕಿ ಬಂದಳು. ಕೈಚೀಲದಿಂದ ದಪ್ಪ ಲಕೋಟೆಯೊಂದನ್ನು ತೆಗೆದು ಅವನ ಮುಂದಿಟ್ಟಳು. ಒಳಗಿದ್ದದ್ದು ಕೋಲ್ಬಿ ರೆನ್‌ನ ಬದಲಾದ ಕರಾರು. ಈ ವರ್ಷ ಅವನ ಸಂಬಳ ಎರಡು ಕೋಟಿ. ಅದರಲ್ಲಿ ಒಂದು ಕೋಟಿ ಎಂಬತ್ತು ಲಕ್ಷವನ್ನು ಬೋನಸ್ಸಾಗಿ ಮಾರ್ಪಡಿಸಲು ಅವನು ಒಪ್ಪಿ ಸಹಿ ಹಾಕಿದ್ದ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಮೂವತ್ತಾರು ಲಕ್ಷ. ಈ ವರ್ಷದ ಲೆಕ್ಕದಲ್ಲಿ ಒಂದು ಕೋಟಿ ನಲವತ್ನಾಲ್ಕು ಲಕ್ಷ ಜಾಗ ತೆರವಾಗುತ್ತಿತ್ತು.

ಮಂಗಳವಾರ ಸಂಜೆ ಆಫೀಸಿನಿಂದ ಮನೆಗೆ ಹೋಗುವ ದಾರಿಯಲ್ಲಿ ಆಕೆ ಪೆರಿಸ್‌ಬರ್ಗ್‌ನಲ್ಲಿರುವ ರೆನ್‌ನ ಮನೆಗೆ ಹೋಗಿದ್ದಳು. ಅವನು ಅಡುಗೆಮನೆಯಲ್ಲಿ ಮಗಳಿಗೆ ಜಡೆ ಹಾಕುತ್ತಿದ್ದ. ಯಾರಿಗೂ, ಏಜೆಂಟನಿಗೂ ಬೆಳಗಾಗುವವರೆಗೆ ಹೇಳಬೇಡವೆಂದು ಕೇಳಿಕೊಂಡಿದ್ದಳು. ಇದು ಮಲಾಕಿಯನ್ನು ಉಳಿಸಿಕೊಳ್ಳಲೋ ಎಂದು ಅವನು ಕೇಳಿದ. ಹೌದೆಂದಾಗ ಪೆನ್ನು ತೆಗೆದುಕೊಂಡ, ಅಷ್ಟೇ.

"ಇದು ಲೀಗಿಗೆ ತಲುಪಿದ್ರೆ ಮಲಾಕಿಗೆ ಎರಡು ಕೋಟಿ ಮೂವತ್ತು ಲಕ್ಷದವರೆಗೂ ಹೋಗ್ಬಹುದು," ಎಂದಳು ವಾಂಡಾ. "ನಾಲ್ಕರೊಳಗೆ ತಲುಪಬೇಕು. ಕಳಿಸೋ ಅಧಿಕಾರ ಇಬ್ಬರಿಗೇ. ಒಬ್ಬಳ ಕಂಪ್ಯೂಟರ್ ಹೋಯ್ತು."

ಇನ್ನೊಬ್ಬ ಗ್ರೇಡಿ.

ಕಾರಿಡಾರಿನ ತುದಿಯ ದೊಡ್ಡ ಕೋಣೆಯಲ್ಲಿ ಗ್ರೇಡಿ ಹೋಲ್ಮ್ ನಿಂತುಕೊಂಡೇ ಎರಡು ಫೋನ್‌ಗಳಲ್ಲಿ ಮಾತಾಡುತ್ತಿದ್ದ. ನಲವತ್ನಾಲ್ಕರ ವಯಸ್ಸು, ಒಳ್ಳೆಯ ಸೂಟು, ಮೂರು ದಿನದ ಗಡ್ಡ. ಅವನಿಗೆ ಆಟ ಕಲಿಸಿದ ಹಳೆಯ ಗುರುವೇ ಈಗ ಒಮಾಹಾದ ಮ್ಯಾನೇಜರ್. ಅಮೋಸ್ ಇದನ್ನು ಮೊದಲ ದಿನವೇ ಬರೆದಿಟ್ಟುಕೊಂಡಿದ್ದ.

ವಾಂಡಾ ಒಳಬಂದದ್ದು ನೋಡಿ ಗ್ರೇಡಿ ಫೋನ್‌ಗಳನ್ನಿಟ್ಟ. ಹನ್ನೆರಡರವರೆಗೆ ತಾನು ಕಾಯುವವನಿದ್ದೆ, ಆಕೆಯೇ ಬಂದದ್ದು ಒಳ್ಳೆಯದಾಯಿತು ಎಂದ. ಕಂಪ್ಯೂಟರ್ ತೆಗೆಸಿದ್ದು ತನ್ನೊಬ್ಬನ ತೀರ್ಮಾನವಲ್ಲ, ಮಿಸೆಸ್ ಅಡೇರ್ ಒಪ್ಪಿದ್ದಾರೆ ಎಂದೂ ಸೇರಿಸಿದ.

ಅಮೋಸ್ ನಾಲ್ಕು ಹಾಳೆಯ ಕಥೆ ಹೇಳಿದ. ತನ್ನ ಹಾಳೆಯ ಅಂಕಿಯೇ ಒಮಾಹಾ ಮುಟ್ಟಿದ್ದೆಂಬುದನ್ನೂ ಮುಚ್ಚಿಡಲಿಲ್ಲ. ಗ್ರೇಡಿ ಕೊನೆಯವರೆಗೂ ಕೇಳಿ, ನಗಲಾರದವನಂತೆ ನಕ್ಕ.

"ಬ್ಲೆವಿನ್ಸ್, ನೀವೇ ಪೊಲೀಸ್ ಆಗಿದ್ದೋರು. ನಾಲ್ಕು ಅಂಕಿನೂ ಗೊತ್ತಿರೋದು ಯಾರಿಗೆ? ಬರೆದೋಳಿಗೆ. ನಿಮ್ಮ ಅಂಕಿ ಒಮಾಹಾಕ್ಕೆ ಕೊಟ್ಟು ನಿಮ್ಮ ತಲೆಗೆ ಕಟ್ಟೋದು ಅವಳಿಗೇನು ಕಷ್ಟ?"

ಈ ಪ್ರಶ್ನೆ ಬರುತ್ತದೆಂದು ಅಮೋಸ್‌ಗೆ ಗೊತ್ತಿತ್ತು. ಕಾರಿಡಾರಿನಲ್ಲಿ ನಡೆದು ಬರುವ ನಲವತ್ತು ಹೆಜ್ಜೆಯಲ್ಲಿ ಅವನು ಉತ್ತರವನ್ನು ಎರಡು ಸಲ ತಿರುವಿ ನೋಡಿದ್ದ.

"ನಾಲ್ಕಲ್ಲ, ಐದು ಅಂಕಿ," ಎಂದ. "ಐದನೇದು ನಿಜವಾದದ್ದು. ಅದು ಇವರ ಕೈಚೀಲದಲ್ಲಿತ್ತು. ಇವರೇ ಮಾರಿದ್ರೆ ನಿಜವಾದ ಅಂಕಿ ಮಾರ್ತಿದ್ರು. ಒಮಾಹಾ ಎರಡು ಕೋಟಿ ಮೂವತ್ತೈದು ಹೇಳ್ತಿದ್ರು. ಆಗ ನೀವು ತಲೆ ಕೆಳಗೆ ಕಾಲು ಮೇಲೆ ಮಾಡಿದ್ರೂ ಮಲಾಕಿ ಉಳೀತಿರ್ಲಿಲ್ಲ. ಅವರು ಹದಿಮೂರಕ್ಕೆ ನಿಂತಿದ್ದಾರೆ. ಅವರಿಗೆ ಹೇಳಿದವರಿಗೆ ಮೂವತ್ತರ ವಿಷಯ ಗೊತ್ತಿಲ್ಲ. ಈ ಕಟ್ಟಡದಲ್ಲಿ ಅದು ಗೊತ್ತಿದ್ದೋರು ಒಬ್ಬರೇ."

ವಾಂಡಾ ಲಕೋಟೆಯನ್ನು ಮೇಜಿನ ಮೇಲಿಟ್ಟಳು.

ಗ್ರೇಡಿ ನಿಂತೇ ಓದಲು ಶುರುಮಾಡಿದವನು ಎರಡನೆಯ ಪುಟಕ್ಕೆ ಕೂತ. ಮೂರನೆಯ ಪುಟದಲ್ಲಿ ಬೆರಳಿಟ್ಟು ಹಿಂದಿನ ಪುಟಕ್ಕೆ ಹೋದ. ರೆನ್‌ಗೆ ಮೂವತ್ತೆರಡಾದ ವರ್ಷ ಹಂಚಿಟ್ಟ ಲೆಕ್ಕ ಭಾರವಾಗುತ್ತದಲ್ಲ ಎಂದು ಕೇಳಿದ. ಆ ವರ್ಷ ಇನ್ನಿಬ್ಬರ ಹಳೆಯ ಲೆಕ್ಕ ತೀರಿಹೋಗುತ್ತದೆ, ಅದರ ಜಾಗಕ್ಕೆ ಇದು ಕೂರುತ್ತದೆ ಎಂದು ವಾಂಡಾ ಕಾಗದ ನೋಡದೆಯೇ ಹೇಳಿದಳು. ಅವನು ಲೆಕ್ಕ ಹಾಕಿ ನೋಡಿದ. ಸರಿಯಾಗಿತ್ತು. ಐದು ವರ್ಷದ ಕಾಗದಗಳೂ ಇಟ್ಟಿಗೆಗಳ ಹಾಗೆ ಒಂದರ ಸಂದಿಗೆ ಒಂದು ಕೂತಿದ್ದವು.

ಅವನ ಮುಖದಲ್ಲಿ ಏನೋ ಸಡಿಲವಾದದ್ದನ್ನು ಅಮೋಸ್ ಗಮನಿಸಿದ. ಅದು ಸಿಕ್ಕಿಬಿದ್ದವನ ಮುಖವಲ್ಲ. ತಾನು ಅರ್ಧ ಆಯಸ್ಸು ಕಲಿತ ವಿದ್ಯೆಯನ್ನು ಇನ್ನೊಬ್ಬರು ತನಗಿಂತ ಎಷ್ಟೋ ಚೆನ್ನಾಗಿ ಮಾಡುವುದನ್ನು ಕಂಡವನ ಮುಖ.

"ನನಗೂ ಹೇಳಿರ್ಲಿಲ್ವಲ್ಲ," ಎಂದ ಕೊನೆಗೆ.

"ನಿಮಗೆ ಹೇಳಿದ್ರೆ ಒಮಾಹಾಕ್ಕೂ ಗೊತ್ತಾಗ್ತಿತ್ತು. ನಿಮ್ಮಿಂದ ಅಂತ ನಾನು ಹೇಳ್ತಿಲ್ಲ."

ಗ್ರೇಡಿ ತಲೆ ತಗ್ಗಿಸಿ ಒಂದು ಫೋನ್ ತೆಗೆದುಕೊಂಡು, ಕಂಪ್ಯೂಟರನ್ನು ಎಲ್ಲಿಂದ ತೆಗೆದಿರೋ ಅಲ್ಲೇ ತಂದಿಡಿ ಎಂದ.

ಲೀಗಿಗೆ ಕಳಿಸಬೇಕಾದ ಕಡತಗಳೆಲ್ಲ ಅದರಲ್ಲೇ ಇದ್ದವು, ಆದರೆ ಹೇಳಿದಷ್ಟು ಸುಲಭವಾಗಲಿಲ್ಲ. ಕಂಪ್ಯೂಟರ್ ಬಂದದ್ದು ಒಂದೂವರೆಗೆ, ಅದಕ್ಕೆ ಮತ್ತೆ ಪ್ರವೇಶ ಸಿಕ್ಕಿದ್ದು ಎರಡೂವರೆಗೆ. ಅಷ್ಟರಲ್ಲಿ ಫಾಂಟೆನೋನ ಏಜೆಂಟ್ ಎರಡು ಸಲ ಫೋನ್ ಮಾಡಿ, ಒಮಾಹಾದವರು ನಾಲ್ಕು ಹೊಡೆಯುವುದನ್ನೇ ಕಾಯುತ್ತಿದ್ದಾರೆಂದು ನೆನಪಿಸಿದ್ದ.

ಮೂರು ಗಂಟೆಗೆ ವಾಂಡಾ ಎರಡು ಕೋಟಿ ಇಪ್ಪತ್ತೆರಡು ಲಕ್ಷ ಎಂದಳು. ಮೂವತ್ತರವರೆಗೂ ಹೋಗಬಹುದಲ್ಲ ಎಂದು ಅಮೋಸ್ ಕಣ್ಣಲ್ಲೇ ಕೇಳಿದ. ಆಕೆ ಫೋನಿನ ಬಾಯಿಗೆ ಕೈ ಅಡ್ಡವಿಟ್ಟು, "ಮಿತಿ ಇರೋದು ಮುಟ್ಟೋಕಲ್ಲ," ಎಂದಳು.

ಮೂರೂ ಇಪ್ಪತ್ತಕ್ಕೆ ಫೋನ್ ಬಂತು. ಈ ಸಲ ಏಜೆಂಟ್ ಅಲ್ಲ, ಮಲಾಕಿ ಫಾಂಟೆನೋನೇ. ಮುನ್ನೂರ ಇಪ್ಪತ್ತು ಪೌಂಡಿನ ಆಳು, ಲೂಸಿಯಾನದ ಜವುಗು ಸೀಮೆಯವನು. ದನಿ ಮಾತ್ರ ದೇವಾಲಯದಲ್ಲಿ ಮಾತಾಡುವವರಷ್ಟು ಮೆತ್ತಗೆ.

"ಮಿಸ್ ವಾಂಡಾ, ಈ ಕಾಗದದಲ್ಲಿ ನಿಜವಾದ ದುಡ್ಡು ಎಷ್ಟು, ಶೋಕಿಗೆ ಬರೆದದ್ದು ಎಷ್ಟು, ಅಷ್ಟು ಹೇಳಿಬಿಡಿ ಸಾಕು."

ಗ್ರೇಡಿ ಉಸಿರು ಹಿಡಿದ. ಇಂಥ ಪ್ರಶ್ನೆಗೆ ಯಾವ ತಂಡವೂ ನೇರವಾಗಿ ಉತ್ತರಿಸುವುದಿಲ್ಲ.

"ಮೊದಲ ಮೂರು ವರ್ಷ ಪೂರ್ತಿ ನಿಂದು, ಕಾಲು ಮುರಿದ್ರೂ ಬರುತ್ತೆ," ಎಂದಳು ವಾಂಡಾ. "ನಾಲ್ಕನೇ ವರ್ಷ ಶೋಕಿ. ಅದನ್ನ ನಂಬಿ ಮನೆ ಕಟ್ಟಿಸ್ಬೇಡ. ಒಮಾಹಾದವರ ಕಾಗದ ನೋಡಿಲ್ಲ, ಅದ್ರ ಬಗ್ಗೆ ಮಾತಾಡಲ್ಲ. ಅವರ ಹತ್ರಾನೂ ಇದೇ ಕೇಳು."



"ಅವರನ್ನ ಆಗ್ಲೇ ಕೇಳ್ದೆ," ಎಂದ ಮಲಾಕಿ. "ಅವರು ಏಜೆಂಟನ್ನ ಕೇಳು ಅಂದ್ರು."

ಮೂರೂ ನಲವತ್ತೊಂದಕ್ಕೆ ಅವನ ಸಹಿ ಬಂತು. ಎರಡೂ ಕರಾರು ಒಟ್ಟಿಗೆ ಹೋದವು. ಹನ್ನೊಂದು ನಿಮಿಷ ಆ ಕೋಣೆಯಲ್ಲಿ ಯಾರೂ ಕೂರಲಿಲ್ಲ. ಮೂರೂ ಐವತ್ತೆರಡಕ್ಕೆ ಲೀಗಿನ ಒಪ್ಪಿಗೆ ಪರದೆಯ ಮೇಲೆ ಮೂಡಿತು. ಗ್ರೇಡಿ ಎರಡೂ ಕೈಯಿಂದ ಮುಖ ಉ‌ಜ್ಜಿಕೊಂಡ. ವಾಂಡಾ ಹಳದಿ ಕಾಗದದ ಮೇಲೆ ಒಂದು ಗೆರೆ ಎಳೆದು, ಕೆಳಗೆ ದಿನಾಂಕ ಬರೆದಳು.

ನಾಲ್ಕೂಕಾಲಿಗೆ ಮಿಸೆಸ್ ಅಡೇರ್ ಬಂದರು. ಎಂಬತ್ತರ ಮುದುಕಿ, ಹಕ್ಕಿಯಷ್ಟು ಹಗುರ, ಕೈಯಲ್ಲಿ ಬೆತ್ತ. ಜತೆಗೆ ತರಬೇತುದಾರ ಟಿಲ್ಮನ್, ಉಬ್ಬಿದ ಮುಖದಲ್ಲಿ ಹಬ್ಬದ ಕಳೆ. ಮಿಸೆಸ್ ಅಡೇರ್ ನೇರ ವಾಂಡಾಳ ಬಳಿ ಹೋಗಿ ಎರಡೂ ಕೆನ್ನೆಗೆ ಮುತ್ತಿಟ್ಟರು. ನೀನಿಲ್ಲದೆ ಈ ತಂಡ ಎಂದೋ ಮುಳುಗಿ ಹೋಗುತ್ತಿತ್ತು ಎಂದರು. ಆ ಮಾತು ಹೇಳುವಾಗ ಅವರ ಕಣ್ಣು ತುಂಬಿತ್ತು, ಅದು ನಟನೆಯೆಂದು ಅಮೋಸ್‌ಗೆ ಅನಿಸಲಿಲ್ಲ.

ಆಮೇಲೆ ಎಲ್ಲರಿಗೂ ಕೇಳುವಂತೆ ಅವನ ಕಡೆ ತಿರುಗಿದರು. ಹುಡುಗ ಉಳಿದ, ಕೆಟ್ಟ ಗಾಳಿ ಹೋಯಿತು, ಇನ್ನು ಕೆದಕುವುದು ಬೇಡ ಎಂದರು. ಕೈಚೀಲದಿಂದ ಚೆಕ್ಕನ್ನು ತೆಗೆದು ಅವನ ಕೈಗಿತ್ತರು. ಒಪ್ಪಿಕೊಂಡದ್ದಕ್ಕಿಂತ ಎರಡು ಪಟ್ಟು ಬರೆದಿತ್ತು. ಟಿಲ್ಮನ್ ಚಪ್ಪಾಳೆ ತಟ್ಟಿದ.

ಅವರೆಲ್ಲ ಹೋದ ಮೇಲೆ ಅಮೋಸ್ ಉಳಿದ. ವಾಂಡಾ ಕೋಟು ಹಾಕಿಕೊಳ್ಳಲು ಎದ್ದವಳು ಒಂದು ತೋಳು ಹಾಕಿ ನಿಂತುಬಿಟ್ಟಿದ್ದಳು.

"ತನಿಖೆ ನಿಲ್ಸಿ ಅಂದ್ರಾ?" ಎಂದಳು.

"ನೀವೂ ಕೇಳಿಸ್ಕೊಂಡ್ರಲ್ಲ."

ಆಕೆ ಮತ್ತೆ ಕೂತಳು. ಕೋಟಿನ ಇನ್ನೊಂದು ತೋಳು ನೆಲಕ್ಕೆ ಜೋತಾಡುತ್ತಿತ್ತು. ಮೂವತ್ತೊಂದು ವರ್ಷದ ಹಿಂದೆ ತನ್ನ ಗಂಡ ಗಾಜಿನ ಕುಲುಮೆಯ ಅಪಘಾತದಲ್ಲಿ ತೀರಿಕೊಂಡಾಗ ತಾನು ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದೆನೆಂದು ಹೇಳಿದಳು. ಸಂಖ್ಯೆಗಳಲ್ಲಿ ಚುರುಕೆಂದು ಗುರುತಿಸಿ ಮೇಲಿನ ಮಹಡಿಗೆ ಕರೆತಂದದ್ದು, ರಾತ್ರಿ ಕಾಲೇಜಿನ ಶುಲ್ಕ ಕಟ್ಟಿದ್ದು, ಗಂಡಸರೆಲ್ಲ ನಕ್ಕಾಗ ನಗದೆ ಇದ್ದದ್ದು ಮಿಸೆಸ್ ಅಡೇರ್ ಒಬ್ಬರೇ. ಅದಕ್ಕೇ ಬೆಳಿಗ್ಗೆಯಿಂದ ಒಂದು ವಿಷಯವನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದೆ ಎಂದಳು.

"ಇವತ್ತು ಏಳು ಗಂಟೆಗೆ ನನಗೆ ಫೋನ್ ಮಾಡಿದ್ರು. ಒಮಾಹಾ ಎರಡು ಕೋಟಿ ಹದಿಮೂರು ಕೊಡುತ್ತೆ ವಾಂಡಾ, ಅದರ ಮೇಲೆ ಹೋಗ್ಬೇಡ, ಹುಡುಗನ್ನ ಬಿಟ್ಬಿಡು ಅಂದ್ರು."

ಏಜೆಂಟನ ಫೋನ್ ಬಂದದ್ದು ಒಂಬತ್ತು ಇಪ್ಪತ್ತಕ್ಕೆ. ಅಮೋಸ್ ಅದನ್ನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

"ಅವರ ಮಾತು ಮೀರಿದ್ದು ಇದೇ ಮೊದಲು," ಎಂದಳು ವಾಂಡಾ.

ಅವನು ಚೆಕ್ಕನ್ನು ಆಕೆಯ ಮೇಜಿನ ಮೇಲಿಟ್ಟು ಹೊರಟ. ಲಿಫ್ಟಿಗೆ ಕಾಯದೆ ನಾಲ್ಕು ಮಹಡಿ ಮೆಟ್ಟಿಲಿಳಿದ. ತಂಡ ಕಟ್ಟಿದ ಗಂಡನ ಹೆಸರನ್ನು ಐವತ್ತು ವರ್ಷ ಹೊತ್ತ ಹೆಂಗಸು ಅದೇ ತಂಡವನ್ನು ಒಳಗಿಂದ ಏಕೆ ಕೊರೆಯಬೇಕು? ಪತ್ತೇದಾರನನ್ನು ತಾನೇ ಕರೆಸಿ, ಅವನ ಜೇಬಿಗೆ ತಾನೇ ಏಕೆ ಕೈಹಾಕಬೇಕು? ಪ್ರತಿ ಮಹಡಿಗೊಂದು ಪ್ರಶ್ನೆ ಸಿಕ್ಕಿತು.

ಕೆಳಗೆ ಬಾಗಿಲ ಎದುರು ಮಿಸೆಸ್ ಅಡೇರ್ ಅವರ ಹಳೆಯ ಕಪ್ಪು ಕಾರು ಇನ್ನೂ ನಿಂತಿತ್ತು. ಚಾಲಕನಿರಲಿಲ್ಲ. ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮುದುಕಿ ಒಂದು ಬದಿಗೆ ಸರಿದು, ಪಕ್ಕದ ಜಾಗ ಬಿಟ್ಟುಕೊಂಡು ಕೂತಿದ್ದರು.

"ಏಳು ಗಂಟೆಯ ಫೋನಿನ ವಿಷಯ ಹೇಳಿದಳಾ?" ಎಂದರು.

ಅಮೋಸ್ ತೆರೆದ ಬಾಗಿಲ ಮೇಲೆ ಕೈಯಿಟ್ಟ.

"ಹೇಳಲಿ, ಏಜೆಂಟಿಗಿಂತ ಮೊದಲೇ ನನಗೆ ಅಂಕಿ ಹೇಗೆ ಗೊತ್ತಾಯ್ತು ಅಂತ ನಿಮಗೆ ಅನುಮಾನ ಬರ್ಲಿ ಅಂತಲೇ ಮಾಡಿದ್ದು. ಈಗ ನನ್ನ ಜತೆ ಮೇಲೆ ಬಂದಿದ್ದವನೇ ನನಗೆ ಆ ಅಂಕಿ ಹೇಳಿದ್ದು, ಪಕ್ಕದಲ್ಲಿ ನಿಂತು ಕೇಳಿಸ್ಕೋತಿದ್ದ, ಬೇರೆ ದಾರಿ ಇರ್ಲಿಲ್ಲ." ಅವರು ಕ್ರೀಡಾಂಗಣದ ಮೇಲಿನ ಕಿಟಕಿಗಳತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ಬೇಗ ಹತ್ತಿ ಬ್ಲೆವಿನ್ಸ್. ಅವನು ವಾಪಸ್ ಬರೋಕೆ ಎರಡೇ ನಿಮಿಷ."